ಗಣಿತದ ಕ್ಲಾಸಲ್ಲಿ ಸಾಮಾನು ಯಾರ ಕೈಲಿದೆ?

ಹೈಸ್ಕೂಲಿಗೆ ಎಲ್ಲಿಂದಾದ್ರೂ ಒಂದಿಷ್ಟು ದುಡ್ಡು ಬಂತು ಅಂದ್ರೆ ಗಣಿತಕ್ಕೆ ಏನು ತರಿಸೋಣ ಅನ್ನೋ ಮಾತು ಬಂದೇ ಬರತ್ತೆ, ಒಬ್ರು ಸ್ಮಾರ್ಟ್‌ಬೋರ್ಡ್ ಅಂತಾರೆ, ಇನ್ನೊಬ್ರು ಟ್ಯಾಬ್ ಅಂತಾರೆ, ಮತ್ತೊಬ್ರು ಒಂದು ಮ್ಯಾತ್ಸ್ ಲ್ಯಾಬ್ ಮಾಡಿಸಿಬಿಡೋಣ ಅಂತಾರೆ. ಮೂರೂ ಕೆಟ್ಟ ಯೋಚನೆ ಏನಲ್ಲ. ಆದ್ರೆ ನಂಗೆ ಆವಾಗೆಲ್ಲ ಕೇಳ್ಬೇಕು ಅನ್ಸೋ ಪ್ರಶ್ನೆ ಒಂದೇ, ಈ ಸಾಮಾನು ಬಂದ್ಮೇಲೆ ಕೊನೇ ಬೆಂಚಲ್ಲಿ ಕೂತಿರೋ ಹುಡುಗಿ ಒಂದು ಪೀರಿಯಡ್ಡಲ್ಲಿ ಎಷ್ಟು ಸಲ ತಾನೇ ಕೈಯಾರೆ ಏನಾದ್ರೂ ಮಾಡಿ, ತಪ್ಪಾಗಿ, ಮತ್ತೆ ಮಾಡಿ ನೋಡ್ತಾಳೆ? ಆ ಸಂಖ್ಯೆ ಜಾಸ್ತಿ ಆದ್ರೆ ಆ ಸಾಮಾನಿಂದ ಗಣಿತ ಸುಧಾರಿಸತ್ತೆ, ಇಲ್ಲಾಂದ್ರೆ ಕ್ಲಾಸು ನೋಡೋಕೆ ಚೆನ್ನಾಗಿ ಕಾಣತ್ತೆ ಅಷ್ಟೇ, ಮಾರ್ಕ್ಸ್ ಎಲ್ಲಿತ್ತೋ ಅಲ್ಲೇ ಇರತ್ತೆ. ಇದು ನಾನು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳ್ಕೊಡ್ತಾ ಕಂಡ್ಕೊಂಡಿದ್ದು, ಆಮೇಲೆ ಸಂಶೋಧನೆಗಳನ್ನ ಓದ್ತಾ ಹೋದ ಹಾಗೆ ಇನ್ನೂ ಗಟ್ಟಿ ಆಗಿದ್ದು.

ಈ ಜಗಳ ಹಳೇದು. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಅನ್ನೋ ಸಮಾಜಶಾಸ್ತ್ರಜ್ಞ ಸುಮಾರು ಆರು ಲಕ್ಷ ಮಕ್ಕಳ ಮಾಹಿತಿ ಇಟ್ಕೊಂಡು ಒಂದು ದೊಡ್ಡ ವರದಿ ಕೊಟ್ರು, ಮಕ್ಕಳ ಕಲಿಕೆಯಲ್ಲಿ ಕಾಣೋ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆನೇ ದೊಡ್ಡ ಕಾರಣ ಅಂತ ಅದರಲ್ಲಿ ಬಂತು. ಅಲ್ಲಿಂದ ಸುಮಾರು ಜನ ಹಾಗಾದ್ರೆ ಶಾಲೆಗೆ ದುಡ್ಡು ಸುರಿದು ಏನು ಪ್ರಯೋಜನ ಅನ್ನೋಕೆ ಶುರು ಮಾಡಿದ್ರು. ಆದ್ರೆ 1983ರಲ್ಲಿ ಹೇನೆಮನ್ ಮತ್ತೆ ಲಾಕ್ಸ್ಲಿ ಅನ್ನೋರು 29 ದೇಶಗಳ ಮಾಹಿತಿ ನೋಡಿ ಹೇಳಿದ್ದೇ ಬೇರೆ, ದೇಶ ಬಡದಾದಷ್ಟೂ ಶಾಲೆ ಮತ್ತೆ ಟೀಚರ್ ಹೇಗಿದ್ದಾರೆ ಅನ್ನೋದರ ಪ್ರಭಾವ ಜಾಸ್ತಿ ಆಗ್ತಾ ಹೋಗತ್ತೆ ಅಂತ. ಯೋಚನೆ ಮಾಡಿದ್ರೆ ಇದು ಸಹಜನೇ. ಮನೇಲಿ ಪುಸ್ತಕ, ಮೇಜು, ಲೆಕ್ಕ ಹೇಳ್ಕೊಡೋ ಅಕ್ಕ ಅಣ್ಣ ಎಲ್ಲಾ ಇರೋ ಮಗುಗೆ ಶಾಲೇಲಿ ಒಂದು ಪುಸ್ತಕ ಕಮ್ಮಿ ಆದ್ರೂ ನಡೆಯತ್ತೆ, ಏನೂ ಇಲ್ಲದ ಮಗುಗೆ ಶಾಲೇಲಿ ಸಿಗೋದೇ ಸರ್ವಸ್ವ. ಅದಕ್ಕೇ ಸೌಲಭ್ಯದಿಂದ ಏನೂ ಆಗಲ್ಲ ಅಂತ ಒಂದೇ ಉಸಿರಿಗೆ ಹೇಳೋರನ್ನ ನಾನು ಒಪ್ಪಲ್ಲ.

ಹಾಗಂತ ಕೊಟ್ಟಿದ್ದೆಲ್ಲಾ ಕೆಲಸ ಮಾಡತ್ತೆ ಅಂತಾನೂ ಅಲ್ಲ, ಕೀನ್ಯಾದಲ್ಲಿ ನಡೆದ ಎರಡು ಪ್ರಯೋಗ ಈ ವಿಷಯದಲ್ಲಿ ತುಂಬಾ ಕಲಿಸತ್ತೆ. ಎರಡೂ ಪ್ರೈಮರಿ ಶಾಲೆಗಳಲ್ಲಿ ನಡೆದಿದ್ದು, ಆದ್ರೂ ಹೈಸ್ಕೂಲಿಗೂ ಪಾಠ ಇದೆ. ಮೊದಲನೇದು ಗೋಡೆಗೆ ನೇತು ಹಾಕೋ ದೊಡ್ಡ ದೊಡ್ಡ ಚಾರ್ಟುಗಳದ್ದು. ಈಗಾಗ್ಲೇ ಚಾರ್ಟ್ ಇರೋ ಶಾಲೆ, ಇಲ್ಲದಿರೋ ಶಾಲೆ ಅಂತ ಸುಮ್ನೆ ಹೋಲಿಸಿ ನೋಡಿದಾಗ ಚಾರ್ಟ್ ಇರೋ ಕಡೆ ಮಕ್ಕಳು ಚೆನ್ನಾಗಿ ಮಾಡ್ತಿದ್ರು. ಆಮೇಲೆ ಅದೇ ಸಂಶೋಧಕರು ಚೀಟಿ ಎತ್ತಿದ ಹಾಗೆ ಶಾಲೆಗಳನ್ನ ಆರಿಸಿ ಅರ್ಧಕ್ಕೆ ಚಾರ್ಟ್ ಕೊಟ್ಟು ಅರ್ಧಕ್ಕೆ ಕೊಡದೇ ನೋಡಿದ್ರು, ಏನೂ ವ್ಯತ್ಯಾಸ ಬರಲಿಲ್ಲ. ಅಂದ್ರೆ ಚಾರ್ಟ್ ತರಿಸಿಕೊಳ್ಳೋ ಅಷ್ಟು ಕಾಳಜಿ ಇರೋ ಶಾಲೇಲಿ ಮೊದಲೇ ಪಾಠ ಚೆನ್ನಾಗಿ ನಡೀತಿತ್ತು, ಹೆಸರು ಮಾತ್ರ ಚಾರ್ಟಿಗೆ ಬಂತು. ಸೌಲಭ್ಯ ಇರೋ ಶಾಲೆ ಮಕ್ಕಳು ಗಣಿತದಲ್ಲಿ ಮುಂದಿದ್ದಾರೆ ಅಂತ ಯಾರಾದ್ರೂ ಒಂದು ಟೇಬಲ್ ತೋರಿಸಿದಾಗೆಲ್ಲ ಇದನ್ನ ನೆನಪಿಟ್ಕೋಬೇಕು.

ಎರಡನೇದು ಟೆಕ್ಸ್ಟ್‌ಬುಕ್ಕಿಂದು. ಪುಸ್ತಕ ತೀರಾ ಕಮ್ಮಿ ಇದ್ದ ಶಾಲೆಗಳಿಗೆ ಸರ್ಕಾರದ ಅಧಿಕೃತ ಪುಸ್ತಕ ಕೊಟ್ರು, ಸರಾಸರಿ ಮಾರ್ಕ್ಸ್ ಏರಲಿಲ್ಲ, ಮೊದಲಿಂದಾನೂ ಮುಂದಿದ್ದ ಮಕ್ಕಳಿಗೆ ಮಾತ್ರ ಅನುಕೂಲ ಆಯ್ತು. ಯಾಕಂದ್ರೆ ಪುಸ್ತಕ ಇದ್ದಿದ್ದು ಇಂಗ್ಲಿಷಲ್ಲಿ, ಅಲ್ಲಿನ ಬಹಳ ಮಕ್ಕಳಿಗೆ ಅದು ಮೂರನೇ ಭಾಷೆ, ಪುಸ್ತಕ ಕೈಲಿದ್ರೂ ಒಳಗೆ ಹೋಗೋಕೆ ದಾರಿ ಇರಲಿಲ್ಲ. ಗಣಿತಕ್ಕೆ ಭಾಷೆ ಬೇಕಾಗಿಲ್ಲ ಅನ್ನೋ ಮಾತು ಹೈಸ್ಕೂಲಿಗೆ ಬಂದ್ಮೇಲಂತೂ ಖಂಡಿತ ಸುಳ್ಳು, ಒಂದು ವಾಕ್ಯರೂಪದ ಲೆಕ್ಕದಲ್ಲಿ 'ಗಿಂತ 5 ಹೆಚ್ಚು' ಅನ್ನೋದಕ್ಕೂ 'ರ 5 ಪಟ್ಟು' ಅನ್ನೋದಕ್ಕೂ ಇರೋ ವ್ಯತ್ಯಾಸ ಗೊತ್ತಾಗದೇ ಇದ್ರೆ ಸಮೀಕರಣ ಬಿಡಿಸೋಕೆ ಎಷ್ಟೇ ಚೆನ್ನಾಗಿ ಬಂದ್ರೂ ಸಮೀಕರಣ ಬರೆಯೋಕೇ ಆಗಲ್ಲ.

ಈಗ ನಮ್ಮ ದಿನನಿತ್ಯದ ಕ್ಲಾಸಿಗೆ ಬರ್ತೀನಿ, ಯಾಕಂದ್ರೆ ಸೌಲಭ್ಯ ಅಂದ ತಕ್ಷಣ ಎಲ್ಲರೂ ದೊಡ್ಡ ದೊಡ್ಡ ಮೆಷಿನ್ ಬಗ್ಗೆ ಮಾತಾಡ್ತಾರೆ, ಗಣಿತದಲ್ಲಿ ಮಕ್ಕಳನ್ನ ನಿಜವಾಗ್ಲೂ ಸೋಲಿಸೋದು ಸಣ್ಣ ಸಾಮಾನು. ಕಂಪಾಸನ್ನೇ ತಗೊಳ್ಳಿ. ಸ್ಕ್ರೂ ಸಡಿಲ ಇರೋ ಕಂಪಾಸಲ್ಲಿ ರೇಖೆಯ ಎರಡೂ ತುದಿಯಿಂದ ಕಂಸ ಎಳೀತಾ ಇರೋವಾಗ ತ್ರಿಜ್ಯ ಒಂದೆರಡು ಮಿಲಿಮೀಟರ್ ಜಾರಿಬಿಡತ್ತೆ, ರೇಖೆನ ಸರಿ ಅರ್ಧ ಮಾಡ್ಬೇಕಾದ ಲಂಬಾರ್ಧಕ ಮಧ್ಯಕ್ಕೆ ಬರೋದೇ ಇಲ್ಲ, ಪಕ್ಕದವನದ್ದು ಸರಿಯಾಗಿ ಬಂದಿರತ್ತೆ, ಮಗು ಕಂಪಾಸ್ ಸರಿ ಇಲ್ಲ ಅಂತ ಯಾವತ್ತೂ ಅಂದ್ಕೊಳ್ಳಲ್ಲ, ನಂಗೆ ರೇಖಾಗಣಿತ ಬರಲ್ಲ ಅಂದ್ಕೊಳ್ಳತ್ತೆ. ಇದು ನಂಗೆ ನಿಜವಾಗ್ಲೂ ಸಂಕಟ ಆಗೋ ವಿಷಯ. ಇನ್ನು ನಾಲ್ಕು ಜನಕ್ಕೆ ಒಂದು ಕಂಪಾಸ್ ಇದ್ರೆ ಮೊದಲನೇ ಮಗು ನಿಧಾನವಾಗಿ ಯೋಚನೆ ಮಾಡಿ ಎಳೆಯತ್ತೆ, ನಾಲ್ಕನೇ ಮಗು ಬೆಲ್ ಹೊಡೆಯೋದ್ರೊಳಗೆ ಪಕ್ಕದ ನೋಟ್ಸ್ ನೋಡಿ ಕೈಯಲ್ಲೇ ಕಂಸ ಬಿಡಿಸಿ ಮುಗಿಸತ್ತೆ. ನೋಟ್‌ಬುಕ್ಕಲ್ಲಿ ಎರಡೂ ಒಂದೇ ಥರ ಕಾಣತ್ತೆ, ಒಳಗೆ ಆಗಿರೋ ಕಲಿಕೆ ಮಾತ್ರ ಬೇರೆ ಬೇರೆ.

ಕೋನಮಾಪಕದಲ್ಲಿ ಎರಡು ಸಾಲು ಅಂಕಿ ಇರತ್ತೆ, 50 ಡಿಗ್ರಿ ಇರೋ ಕೋನನ ಮಕ್ಕಳು 130 ಅಂತ ಓದ್ತಾರೆ. ಪ್ರತಿ ಮಗು ಕೈಲಿ ಒಂದೊಂದು ಇದ್ರೆ ಈ ತಪ್ಪು ಮೊದಲ ದಿನನೇ ಎಲ್ಲರ ಕೈಲೂ ಆಗತ್ತೆ, ಲಘುಕೋನ ಹೇಗೆ ಕಣೋ 130 ಆಗತ್ತೆ ಅಂತ ಒಬ್ರಿಗೊಬ್ರು ಕೇಳ್ಕೊಂಡು ಸರಿ ಮಾಡ್ಕೊಳ್ತಾರೆ. ಬೋರ್ಡಿನ ಮುಂದೆ ಟೀಚರ್ ಒಬ್ರೇ ದೊಡ್ಡ ಮರದ ಕೋನಮಾಪಕ ಹಿಡ್ಕೊಂಡು ಅಳೆದು ತೋರಿಸಿದ್ರೆ ಆ ತಪ್ಪು ಯಾರಿಗೂ ಆಗಲ್ಲ, ಪರೀಕ್ಷೆ ದಿನ ಆಗತ್ತೆ. ಇನ್ನೊಂದು ಚಂದದ ವಿಷಯ ಇದೆ, ಎಲ್ಲರೂ ತಾವೇ ತ್ರಿಭುಜ ಬರೆದು ಮೂರು ಕೋನ ಅಳೆದು ಕೂಡಿದ್ರೆ ಒಬ್ಬನಿಗೆ 178 ಬರತ್ತೆ, ಒಬ್ಬಳಿಗೆ 181 ಬರತ್ತೆ, ಹಾಗಾದ್ರೆ 180 ಅಂತ ಯಾರು ಹೇಳಿದ್ದು ಅನ್ನೋ ಪ್ರಶ್ನೆ ತಾನಾಗೇ ಎದ್ದೇಳತ್ತೆ, ಸಾಧನೆ, ಅಂದ್ರೆ ಪ್ರೂಫ್, ಯಾಕೆ ಬೇಕು ಅನ್ನೋದು ಆವಾಗ ಮಕ್ಕಳಿಗೆ ತಟ್ಟತ್ತೆ. ಅಳತೆಯಿಂದ ಯಾವತ್ತೂ ಪೂರ್ತಿ ಖಚಿತ ಆಗಲ್ಲ, ಸಮಾಂತರ ರೇಖೆ ಎಳೆದು ತರ್ಕ ಮಾಡಿದ್ರೆ ಆಗತ್ತೆ ಅಂತ.

ಗ್ರಾಫ್ ಶೀಟಿನ ಕಥೆಯೂ ಇದೇನೇ. ಒಬ್ಬೊಬ್ರಿಗೆ ಒಂದೇ ಹಾಳೆ ಅಂದ್ರೆ ಟೀಚರ್ ಭಯಕ್ಕೆ ತಾವೇ ಸ್ಕೇಲ್ ಹೇಳಿಬಿಡ್ತಾರೆ, 1 ಸೆಂಟಿಮೀಟರ್‌ಗೆ 2 ಮಾನ ತಗೊಳ್ಳಿ ಅಂತ. ಹಾಳೆ ಧಾರಾಳ ಇದ್ರೆ ಮಕ್ಕಳು ತಾವೇ ಸ್ಕೇಲ್ ಆರಿಸಿ, ಗ್ರಾಫು ಹಾಳೆಯಿಂದ ಹೊರಗೆ ಹೋಗಿ, ಇನ್ನೊಂದು ಹಾಳೆ ತಗೊಂಡು ಮತ್ತೆ ಹಾಕ್ತಾರೆ, ಸ್ಕೇಲ್ ಅಂದ್ರೆ ಏನು ಅಂತ ಆವಾಗ ಗೊತ್ತಾಗತ್ತೆ. ಇಲ್ಲಿ ಕಲಿಸಿದ್ದು ಆ ಎರಡನೇ ಹಾಳೆ.

ಕೈಲಿ ಹಿಡಿಯೋ ಮಾದರಿಗಳ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಅದೆಲ್ಲಾ ಚಿಕ್ಕ ಮಕ್ಕಳಿಗೆ, ಹೈಸ್ಕೂಲಿಗೆ ಯಾಕೆ ಅನ್ನೋರು ಬಹಳ ಜನ. ವರ್ಗ ಪೂರ್ಣಗೊಳಿಸೋ ವಿಧಾನ ನೋಡಿ. ಬಹಳಷ್ಟು ಮಕ್ಕಳು ಎಕ್ಸ್‌ನ ಸಹಗುಣಕದ ಅರ್ಧ ತಗೊಂಡು ಅದರ ವರ್ಗ ಕೂಡ್ಬೇಕು ಅಂತ ಬಾಯಿಪಾಠ ಮಾಡಿರ್ತಾರೆ, ಯಾಕೆ ಅಂದ್ರೆ ಉತ್ತರ ಇರಲ್ಲ. ರಟ್ಟಲ್ಲಿ ಒಂದು ದೊಡ್ಡ ಚೌಕ ಕತ್ತರಿಸಿ, ಅದು ಎಕ್ಸ್ ವರ್ಗ. ಅದೇ ಉದ್ದಕ್ಕೆ, 1 ಮಾನ ಅಗಲಕ್ಕೆ ಆರು ಪಟ್ಟಿ ಕತ್ತರಿಸಿ, ಅದು 6 ಎಕ್ಸ್. ಈಗ ಇಷ್ಟೂ ಸೇರಿಸಿ ಒಂದು ದೊಡ್ಡ ಚೌಕ ಮಾಡಿ ಅಂತ ಹೇಳಿ ಸುಮ್ನಿದ್ದುಬಿಡಿ. ಮೊದಲು ಆರೂ ಪಟ್ಟಿನ ಒಂದೇ ಕಡೆ ಇಡ್ತಾರೆ, ಉದ್ದದ ಆಯತ ಆಗತ್ತೆ, ಆಗಲಿಲ್ಲ ಅಂತಾರೆ, ಆಮೇಲೆ ಯಾರಿಗೋ ಹೊಳೆಯತ್ತೆ, ಮೂರು ಬಲಗಡೆ ಮೂರು ಕೆಳಗಡೆ ಇಡ್ತಾರೆ, ಮೂಲೇಲಿ ಒಂದು ಸಣ್ಣ ಚೌಕದಷ್ಟು ಜಾಗ ಖಾಲಿ ಉಳಿಯತ್ತೆ, ಅದನ್ನ ತುಂಬೋಕೆ 3 ಗುಣಿಸು 3, ಅಂದ್ರೆ 9 ಸಣ್ಣ ಚೌಕ ಬೇಕು. ಅರ್ಧ ಯಾಕೆ ಮಾಡಿದ್ವಿ, ವರ್ಗ ಯಾಕೆ ಮಾಡಿದ್ವಿ, ಎರಡಕ್ಕೂ ಉತ್ತರ ಮೇಜಿನ ಮೇಲೇ ಇದೆ. ಇದಕ್ಕೆ ಬೇಕಾಗಿದ್ದು ಹಳೇ ರಟ್ಟು ಮತ್ತೆ ಕತ್ತರಿ.

ಆದ್ರೆ ಅದೇ ಪಟ್ಟಿ ಇಟ್ಕೊಂಡು ಎಕ್ಸ್ ವರ್ಗ ಕಳೆ 6 ಎಕ್ಸ್ ಮಾಡೋಕೆ ಹೋದ್ರೆ ಕಷ್ಟ ಆಗತ್ತೆ, ಋಣ ಉದ್ದದ ಪಟ್ಟಿ ಅಂತ ಯಾವುದೂ ಇಲ್ಲ, ಬಣ್ಣ ಬದಲಾಯಿಸಿ ಏನೇನೋ ನಿಯಮ ಹೇಳ್ಬೇಕಾಗತ್ತೆ. ಅಲ್ಲಿ ರಟ್ಟು ಪಕ್ಕಕ್ಕಿಟ್ಟು ಬೀಜಗಣಿತಕ್ಕೆ ಹೋಗ್ಬೇಕು. ಯಾವಾಗ ಕೈಗೆ ಕೊಡ್ಬೇಕು ಅನ್ನೋವಷ್ಟೇ ಯಾವಾಗ ವಾಪಸ್ ತಗೋಬೇಕು ಅನ್ನೋದೂ ಟೀಚರ್‌ಗೆ ಗೊತ್ತಿರ್ಬೇಕು, ಈ ತಿಳಿವಳಿಕೆ ಯಾವ ಕಿಟ್ಟಿನ ಡಬ್ಬಿಯಲ್ಲೂ ಬರಲ್ಲ. 2013ರಲ್ಲಿ ಇಂಥ ಮಾದರಿಗಳ ಮೇಲಿನ 55 ಅಧ್ಯಯನ ಒಟ್ಟು ಸೇರಿಸಿ ನೋಡಿದವರಿಗೂ ಸಿಕ್ಕಿದ್ದು ಅದೇ ಥರದ್ದು, ಬರೀ ಚಿಹ್ನೆ ಇಟ್ಕೊಂಡು ಕಲಿಸೋದಕ್ಕಿಂತ ಕೈಲಿ ಹಿಡಿದು ಕಲಿತರೆ ಒಟ್ಟಾರೆ ಲಾಭ ಇದೆ, ಆದ್ರೆ ಎಷ್ಟು ಲಾಭ ಅನ್ನೋದು ಟೀಚರ್ ಎಷ್ಟು ದಾರಿ ತೋರಿಸಿದ್ರು ಅನ್ನೋದರ ಮೇಲೆ ನಿಂತಿದೆ.

ಬೋರ್ಡಿನ ಬಗ್ಗೆ ಯಾರೂ ಮಾತಾಡಲ್ಲ, ಅದು ಮೊದಲಿಂದ ಗೋಡೆ ಮೇಲಿದೆ ಅಂತ. 1995ರಲ್ಲಿ ಟಿಮ್ಸ್ ಅನ್ನೋ ಅಂತರರಾಷ್ಟ್ರೀಯ ಅಧ್ಯಯನದ ಜೊತೆಗೆ ಜರ್ಮನಿ, ಜಪಾನ್, ಅಮೆರಿಕ ಮೂರು ದೇಶಗಳ ಎಂಟನೇ ಕ್ಲಾಸಿನ 231 ಗಣಿತ ಪಾಠಗಳ ವಿಡಿಯೋ ತೆಗೆದಿದ್ರು. ಅದನ್ನ ನೋಡಿದ ಸ್ಟಿಗ್ಲರ್ ಮತ್ತೆ ಹೀಬರ್ಟ್ ಗಮನಿಸಿದ್ದು ಏನಂದ್ರೆ, ಅಮೆರಿಕದ ಟೀಚರ್‌ಗಳು ಓವರ್‌ಹೆಡ್ ಪ್ರೊಜೆಕ್ಟರ್ ಜಾಸ್ತಿ ಬಳಸ್ತಿದ್ರು, ಮಕ್ಕಳ ಗಮನ ಆ ಕ್ಷಣದ ವಿಷಯದ ಮೇಲೆ ಇರ್ಲಿ ಅಂತ. ಜಪಾನಿನ ಟೀಚರ್‌ಗಳು ಬೋರ್ಡನ್ನೇ ಬಳಸ್ತಿದ್ರು, ಬರೆದಿದ್ದನ್ನ ಸುಲಭಕ್ಕೆ ಅಳಿಸ್ತಾ ಇರಲಿಲ್ಲ, ಪೀರಿಯಡ್ ಮುಗಿಯೋ ಹೊತ್ತಿಗೆ ಎಡಗಡೆ ಸಮಸ್ಯೆ, ಮಧ್ಯದಲ್ಲಿ ಮಕ್ಕಳು ಮಾಡಿದ ಬೇರೆ ಬೇರೆ ದಾರಿ, ಬಲಗಡೆ ತೀರ್ಮಾನ, ಎಲ್ಲಾ ಅಲ್ಲೇ ಇರ್ತಿತ್ತು. ಅಲ್ಲಿ ಬೋರ್ಡ್ ಬರೆಯೋದನ್ನೇ ಒಂದು ವಿದ್ಯೆಯಾಗಿ ಕಲೀತಾರೆ, ಬನ್ಶೋ ಅಂತ ಅದಕ್ಕೆ ಹೆಸರು. ಗಮನ ತಪ್ಪಿದ ಮಗು ಮತ್ತೆ ತಲೆ ಎತ್ತಿದಾಗ ಪಾಠ ಎಲ್ಲಿಂದ ಎಲ್ಲಿಗೆ ಬಂತು ಅಂತ ಕಣ್ಣಾಡಿಸಿ ಸೇರ್ಕೋಬಹುದು. ಸ್ಲೈಡ್ ಹಾಕಿ ಮುಂದಕ್ಕೆ ಒತ್ತಿದ್ರೆ ಹಿಂದಿನ ಹೆಜ್ಜೆ ಹೋಗೇಬಿಡ್ತು, ಗಣಿತದಲ್ಲಿ ಹಿಂದಿನ ಹೆಜ್ಜೆ ಕಾಣಿಸ್ಲಿಲ್ಲ ಅಂದ್ರೆ ಮುಂದಿನ ಹೆಜ್ಜೆ ಬರೀ ಮಂತ್ರ. ಅದಕ್ಕೇ ನನ್ನ ಆಸೆ ಪಟ್ಟಿಯಲ್ಲಿ ಮೊದಲನೇ ಸಾಮಾನು ಅಗಲವಾದ, ಹೊಳೆಯದ, ಕೊನೇ ಬೆಂಚಿಗೂ ಓದೋಕೆ ಬರೋ ಬೋರ್ಡು, ಮತ್ತೆ ಅದರಲ್ಲಿ ಒಂದು ಭಾಗ ಮಕ್ಕಳು ಬಂದು ಬರೆಯೋಕೆ ಅಂತಾನೇ ಬಿಟ್ಟಿರೋದು.

ಇನ್ನು ಕಂಪ್ಯೂಟರು, ಟ್ಯಾಬು. ಪೆರು ದೇಶದ ಹಳ್ಳಿಗಾಡಿನ 319 ಪ್ರೈಮರಿ ಶಾಲೆಗಳನ್ನ ಇಟ್ಕೊಂಡು ಒಂದು ಅಧ್ಯಯನ ಮಾಡಿದ್ರು, ಮಗುಗೊಂದು ಲ್ಯಾಪ್‌ಟಾಪ್ ಕೊಟ್ಟ ಶಾಲೆಗಳಲ್ಲಿ ಕಂಪ್ಯೂಟರ್ ಸಂಖ್ಯೆ ಒಂದು ಮಗುಗೆ 0.12 ಇದ್ದಿದ್ದು 1.18ಕ್ಕೆ ಏರ್ತು, ಸುಮಾರು 15 ತಿಂಗಳಾದ್ಮೇಲೆ ನೋಡಿದ್ರೆ ಗಣಿತ ಮತ್ತೆ ಭಾಷೆಯ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಮಾನು ಕೈಗೆ ಬಂತಲ್ಲ, ಮತ್ಯಾಕೆ ಆಗಲಿಲ್ಲ ಅಂದ್ರೆ, ಗಣಿತದ ಪಾಠಕ್ಕೆ ನೇರ ಸಂಬಂಧ ಇರೋ ಸಾಫ್ಟ್‌ವೇರ್ ಅದರಲ್ಲಿ ಇರಲಿಲ್ಲ, ಪಾಠದ ಜೊತೆ ಅದನ್ನ ಕಟ್ಟಿರಲಿಲ್ಲ. ಇದರ ಪಕ್ಕದಲ್ಲಿ ದೆಹಲಿಯಲ್ಲಿ 619 ಮಿಡಲ್ ಸ್ಕೂಲ್ ಮಕ್ಕಳ ಮೇಲೆ ನಡೆದ ಪ್ರಯೋಗ ಇಟ್ಟು ನೋಡಿ, 2019ರಲ್ಲಿ ಪ್ರಕಟ ಆಗಿದ್ದು, ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಬಳಸಿದ್ದು. ಅದು ಪ್ರತಿ ಮಗು ಎಲ್ಲಿದೆ ಅಂತ ಮೊದಲು ಪರೀಕ್ಷೆ ಮಾಡಿ, ಅಲ್ಲಿಂದಾನೇ ಲೆಕ್ಕ ಕೊಡತ್ತೆ, ತಪ್ಪು ಮಾಡಿದ್ರೆ ಯಾವ ಥರದ ತಪ್ಪು ಅಂತ ನೋಡಿ ಮುಂದಿನ ಲೆಕ್ಕ ಕೊಡತ್ತೆ, ಜೊತೆಗೆ ಅಲ್ಲಿ ಸಣ್ಣ ಗುಂಪುಗಳಿಗೆ ಒಬ್ರು ಹೇಳ್ಕೊಡೋರೂ ಇದ್ರು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37 ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು ಏರಿಕೆ ಬಂತು (ಮಕ್ಕಳ ಅಂಕ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋದರ ಅಳತೆ ಅದು), ಶಿಕ್ಷಣದ ಪ್ರಯೋಗಗಳಲ್ಲಿ ಇದು ದೊಡ್ಡದೇ. ಅದಕ್ಕಿಂತ ನನ್ನ ಮನಸ್ಸಲ್ಲಿ ಉಳಿದಿದ್ದು ಬೇರೆ, ಅವರಲ್ಲಿ ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ಕ್ಲಾಸಿನಷ್ಟು ಹಿಂದೆ ಇದ್ರು. ಭಿನ್ನರಾಶಿ ಗೊತ್ತಿಲ್ಲದ ಮಗು ಮುಂದೆ ನಾವು ತ್ರಿಕೋನಮಿತಿಯ ಎಷ್ಟೇ ಚಂದದ ಅನಿಮೇಷನ್ ಹಾಕಿದ್ರೂ ಏನು ಉಪಯೋಗ, ಆ ಮಗುಗೆ ಇವತ್ತು ಬೇಕಾಗಿರೋದು ನಾಲ್ಕನೇ ಕ್ಲಾಸಿನ ಲೆಕ್ಕ, ಅದನ್ನ ಯಾರ ಮುಂದೂ ಅವಮಾನ ಆಗದ ಹಾಗೆ ಕೊಡೋ ಸಾಮಾನು ಯಾವುದಾದ್ರೂ ಸರಿ, ಸಾಫ್ಟ್‌ವೇರೋ ಕೈಬರಹದ ಕಾರ್ಡೋ, ನಾನು ಅದರ ಪರ.

2022ರ ಪಿಸಾ ಅನ್ನೋ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಮುಖ್ಯ ವಿಷಯ ಗಣಿತನೇ ಆಗಿತ್ತು, 81 ದೇಶ ಮತ್ತೆ ಪ್ರದೇಶಗಳ 15 ವರ್ಷದ ಮಕ್ಕಳು ಬರೆದಿದ್ರು. ಶಾಲೇಲಿ ಕಲಿಕೆಗಾಗಿ ದಿನಕ್ಕೆ ಒಂದು ಗಂಟೆ ತನಕ ಡಿಜಿಟಲ್ ಸಾಧನ ಬಳಸೋ ಮಕ್ಕಳು, ಬಳಸದೇ ಇರೋರಿಗಿಂತ ಗಣಿತದಲ್ಲಿ 14 ಅಂಕ ಮೇಲಿದ್ರು. ಇನ್ನೊಂದು ಕಡೆ ಆ ಪರೀಕ್ಷೆ ನಡೆಸೋ ಓಇಸಿಡಿ ಅನ್ನೋ ಒಕ್ಕೂಟದ ದೇಶಗಳಲ್ಲಿ 65 ಶೇಕಡಾ ಮಕ್ಕಳು ಕೆಲವು ಗಣಿತ ಕ್ಲಾಸಲ್ಲಾದ್ರೂ ಫೋನು ಟ್ಯಾಬಿಂದ ಗಮನ ತಪ್ಪತ್ತೆ ಅಂತ ತಾವೇ ಹೇಳಿದ್ರು, ಪಕ್ಕದವರು ಬಳಸೋದ್ರಿಂದ ಗಮನ ತಪ್ಪತ್ತೆ ಅಂದವರು ಹಾಗೆ ಆಗದೇ ಇರೋರಿಗಿಂತ 15 ಅಂಕ ಕೆಳಗಿದ್ರು. ಇದು ಜೊತೆಗೆ ಕಾಣೋ ಸಂಬಂಧ ಅಷ್ಟೇ, ಚಾರ್ಟಿನ ವಿಷಯದಲ್ಲಿ ನೋಡಿದ ಹಾಗೆ ಇದರಿಂದಾನೇ ಅದು ಅಂತ ಹೇಳೋಕಾಗಲ್ಲ, ಆದ್ರೂ ಕ್ಲಾಸಲ್ಲಿ ನಿಂತೋರಿಗೆ ಇದು ಆಶ್ಚರ್ಯ ತರಲ್ಲ.

ಒಳ್ಳೆ ಬಳಕೆ ಹೇಗಿರತ್ತೆ ಅನ್ನೋಕೆ ಗ್ರಾಫು, ಆಕೃತಿ ಬಿಡಿಸಿ ಎಳೆದಾಡಿಸೋ ಜಿಯೋಜೀಬ್ರಾ ಅನ್ನೋ ಸಾಫ್ಟ್‌ವೇರ್ ಒಂದು ಉದಾಹರಣೆ. ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನೋರು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರ ಸುಮಾರಿಗೆ ಶುರು ಮಾಡಿದ್ದು, ಶಾಲೆಗಳಿಗೆ ಉಚಿತ. ಎ ಎಕ್ಸ್ ವರ್ಗ ಕೂಡು ಬಿ ಎಕ್ಸ್ ಕೂಡು ಸಿ ಅನ್ನೋದರ ಗ್ರಾಫ್ ಹಾಕಿ, ಎ ಮತ್ತೆ ಸಿ ಹಾಗೇ ಬಿಟ್ಟು ಬಿ ಮಾತ್ರ ಸ್ಲೈಡರಲ್ಲಿ ಎಳೆದ್ರೆ ಪರವಲಯ, ಅಂದ್ರೆ ಆ ಬಟ್ಟಲಿನ ಆಕಾರದ ಗೆರೆ, ಹೇಗೆ ಓಡಾಡತ್ತೆ? ಎಳೆಯೋಕೆ ಮುಂಚೆ ನೋಟ್‌ಬುಕ್ಕಲ್ಲಿ ಊಹೆ ಬರೀಬೇಕು, ಇದು ನನ್ನ ಕ್ಲಾಸಿನ ನಿಯಮ. ಹೆಚ್ಚಿನವರು ಬಲಕ್ಕೋ ಎಡಕ್ಕೋ ನೇರ ಜರುಗತ್ತೆ ಅಂತ ಬರೀತಾರೆ. ಎಳೆದಾಗ ಶೃಂಗಬಿಂದು, ಅಂದ್ರೆ ಗೆರೆ ತಿರುಗೋ ತುದಿ, ನೇರ ಹೋಗಲ್ಲ, ಅದು ತಾನೇ ಇನ್ನೊಂದು ತಲೆಕೆಳಗಾದ ಪರವಲಯದ ಮೇಲೆ ಸಾಗತ್ತೆ, ಯಾಕೆ ಹೀಗೆ ಅಂತ ಮಕ್ಕಳು ಪೆನ್ ತಗೊಂಡು ಲೆಕ್ಕ ಮಾಡೋಕೆ ಕೂರ್ತಾರೆ. ಊಹೆ ಬರೆಸದೇ ಬರೀ ತೋರಿಸಿದ್ರೆ ವಾವ್ ಅಂತಾರೆ, ಮರುದಿನ ಮರೀತಾರೆ.

ಕ್ಯಾಲ್ಕುಲೇಟರ್ ಬಗ್ಗೆ ಒಂದೇ ಮಾತು, 2003ರಲ್ಲಿ 54 ಅಧ್ಯಯನ ಸೇರಿಸಿ ನೋಡಿದಾಗ ಕಲಿಸೋವಾಗಲೂ ಪರೀಕ್ಷೆಯಲ್ಲೂ ಎರಡೂ ಕಡೆ ಬಳಸಿದ ಮಕ್ಕಳ ಲೆಕ್ಕದ ಕೌಶಲ ಮತ್ತೆ ಸಮಸ್ಯೆ ಬಿಡಿಸೋ ಶಕ್ತಿ ಎರಡೂ ಸುಧಾರಿಸಿತ್ತು, ಹಾಗಾಗಿ ಅದನ್ನ ಮುಟ್ಟಿದ್ರೆ ಮಕ್ಕಳು ಹಾಳಾಗ್ತಾರೆ ಅನ್ನೋ ಭಯಕ್ಕೆ ಆಧಾರ ಸಿಗಲ್ಲ.

ಕೋಣೆನೂ ಒಂದು ಸೌಲಭ್ಯನೇ ಅನ್ನೋದು ಯಾಕೋ ಯಾರ ಲೆಕ್ಕಕ್ಕೂ ಬರಲ್ಲ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ಸುಮಾರು ಒಂದು ಕೋಟಿ ಹೈಸ್ಕೂಲ್ ಮಕ್ಕಳ ಅಂಕ ಮತ್ತೆ ಆ ವರ್ಷದ ಬಿಸಿಲು ಎರಡನ್ನೂ ಇಟ್ಟು ನೋಡಿದ್ರು, ಎಸಿ ಇಲ್ಲದ ಶಾಲೆಗಳಲ್ಲಿ ಶಾಲಾ ವರ್ಷದ ಸರಾಸರಿ ತಾಪಮಾನ 1 ಡಿಗ್ರಿ ಫ್ಯಾರನ್‌ಹೀಟ್ ಏರಿದ್ರೆ ಆ ವರ್ಷದ ಕಲಿಕೆ ಸುಮಾರು 1 ಶೇಕಡಾ ಕಮ್ಮಿ ಆಗ್ತಿತ್ತು, ಎಸಿ ಇದ್ದ ಕಡೆ ಆ ನಷ್ಟ ಬಹುಪಾಲು ಇಲ್ಲ. ಉದ್ದದ ಸಾಧನೆಯ ಏಳನೇ ಹೆಜ್ಜೆ ಬರೆಯೋವಾಗ ಮೊದಲ ಹೆಜ್ಜೆ ತಲೇಲಿ ಹಿಡ್ಕೊಂಡಿರ್ಬೇಕಾದ ಮಗುಗೆ ಗಾಳಿ ಬೇಕು, ಬೆಳಕು ಬೇಕು, ಪಕ್ಕದ ಕೋಣೆ ಗಲಾಟೆ ಕೇಳಿಸ್ಬಾರ್ದು, ನೋಟ್‌ಬುಕ್ ಇಟ್ಟು ಸ್ಕೇಲ್ ಹಿಡಿಯೋ ಅಷ್ಟು ಅಗಲದ ಡೆಸ್ಕ್ ಬೇಕು.

ಕೊನೇದಾಗಿ ಬೀರು ವಿಷಯ. ಸಿಯೆರಾ ಲಿಯೋನಲ್ಲಿ ಶಾಲೆಗಳಿಗೆ ಪುಸ್ತಕ ಕಳಿಸಿದಾಗ ಬಹಳಷ್ಟು ಶಾಲೆಗಳು ಅದನ್ನ ಮಕ್ಕಳಿಗೆ ಹಂಚದೇ ಒಳಗೆ ಎತ್ತಿಟ್ಟಿದ್ವು, ಮುಂದೆ ಮತ್ತೆ ಬರತ್ತೋ ಇಲ್ವೋ ಅನ್ನೋ ಅನುಮಾನಕ್ಕೆ. ನಂಗೆ ಆ ಶಾಲೆಯವರ ಮೇಲೆ ಸಿಟ್ಟು ಬರಲ್ಲ. ಹರಿದ್ರೆ, ಮುರಿದ್ರೆ, ಕಳೆದ್ರೆ ನೀವೇ ಜವಾಬ್ದಾರಿ ಅಂತ ಟೀಚರ್ ತಲೆ ಮೇಲೆ ಹಾಕಿದ್ರೆ ಯಾರಾದ್ರೂ ಬೀಗ ಹಾಕೇ ಹಾಕ್ತಾರೆ, ಮಾದರಿ ಕಿಟ್ಟು ಹತ್ತು ವರ್ಷ ಆದ್ರೂ ಹೊಸದಾಗೇ ಇರತ್ತೆ. ಹಾಗಾಗಿ ದುಡ್ಡು ಕೊಡೋರಿಗೆ, ಆಡಳಿತ ನೋಡೋರಿಗೆ ನನ್ನ ಕೋರಿಕೆ ಇಷ್ಟು, ಪ್ರತಿ ವರ್ಷ ಒಂದಿಷ್ಟು ಕಂಪಾಸ್ ಮುರಿಯತ್ತೆ, ಒಂದಿಷ್ಟು ರಟ್ಟು ಹರಿಯತ್ತೆ ಅಂತ ಮೊದಲೇ ಲೆಕ್ಕ ಹಾಕಿ, ಮರುಪೂರೈಕೆಗೆ ಅಂತಾನೇ ಒಂದು ಮೊತ್ತ ತೆಗೆದಿಡಿ, ವಿಚಾರಣೆ ಇಲ್ಲದೇ ಹೊಸದು ಕೊಡಿ, ಮತ್ತೆ ವರ್ಷದ ಕೊನೇಲಿ ಬಂದಾಗ ಏನೇನು ಉಳಿದಿದೆ ಅಂತ ಕೇಳೋ ಬದಲು ಎಷ್ಟು ಸವೆದಿದೆ ಅಂತ ಕೇಳಿ.